ಕ್ರಾಂತಿಯ ಮರುದಿನ

(ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಜನ ಎದ್ದು ನಿಂತು ಒಂದು ಸರಕಾರವನ್ನು ಉರುಳಿಸಿದಾಗ ಅವರ ಸ್ವಾತಂತ್ರ್ಯ ಹೆಚ್ಚುತ್ತದೆಯೋ, ಕಡಮೆಯಾಗುತ್ತದೆಯೋ? ಇದೇ ಇಂದಿನ ವಿಷಯ. ಇದು ಪಂಡಿತರಿಗೆ ಮೀಸಲಾದ ಪ್ರಶ್ನೆಯಲ್ಲ. ಗಿರಣಿಯ ಬಾಗಿಲಲ್ಲೂ ಪೇಟೆಯ ಕಟ್ಟೆಯ ಮೇಲೂ ಇದಕ್ಕೆ ಎರಡು ಸಿದ್ಧ ಉತ್ತರಗಳನ್ನು ನಾವು ಕೇಳುತ್ತಲೇ ಇದ್ದೇವೆ. ಒಂದು, ಉಳ್ಳವರ ಉತ್ತರ: "ದಂಗೆ ಎದ್ದವರ ಗತಿ ರಷ್ಯದಲ್ಲಿ ಏನಾಯಿತು ನೋಡಿರಿ. ಬಾಣಲೆಯಿಂದ ಬೆಂಕಿಗೆ ಬಿದ್ದರು. ಆದ್ದರಿಂದ ತೆಪ್ಪಗೆ ಕೆಲಸ ಮಾಡಿರಿ." ಇನ್ನೊಂದು, ನಮ್ಮವರಲ್ಲೇ ಕೆಲವರ ಉತ್ತರ: "ಕ್ರಾಂತಿಯೊಂದು ಆಗಲಿ, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ಸ್ವಾತಂತ್ರ್ಯದ ಮಾತು ಆಮೇಲೆ ನೋಡೋಣ."

ಈ ಎರಡು ಉತ್ತರಗಳೂ ತಪ್ಪು ಎಂದು ನಾವು ತಿಳಿಯುತ್ತೇವೆ. ಯಾಕೆ ತಪ್ಪು ಎಂಬುದನ್ನು ಊಹೆಯಿಂದಲ್ಲ, ನಡೆದ ಸಂಗತಿಗಳಿಂದ ತೋರಿಸಲು ಯತ್ನಿಸುತ್ತೇವೆ. ಮೊದಲು ರಷ್ಯವನ್ನೇ ತೆಗೆದುಕೊಳ್ಳೋಣ. ಏಕೆಂದರೆ ದುಡಿಯುವವರ ಹೆಸರಿನಲ್ಲಿ ನಡೆದ ಅತಿ ದೊಡ್ಡ ಕ್ರಾಂತಿ ಅದು. ಅದರ ಆರಂಭವನ್ನೂ ಅಂತ್ಯವನ್ನೂ ನೋಡುವ ಅನುಕೂಲ ನಮಗಿದೆ. 1917ರಲ್ಲಿ ಹುಟ್ಟಿದ ಆ ವ್ಯವಸ್ಥೆ 1991ರ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿತು.

ತ್ಸಾರನ ಕಾಲದಲ್ಲಿ ರಷ್ಯದ ಕೆಲಸಗಾರನಿಗೆ ಎಷ್ಟು ಸ್ವಾತಂತ್ರ್ಯವಿತ್ತು? 1905ರ ಜನವರಿಯಲ್ಲಿ ಕಾರ್ಮಿಕರು ಹೆಂಡತಿ ಮಕ್ಕಳೊಡನೆ, ದೇವರ ಪಟಗಳನ್ನು ಹಿಡಿದುಕೊಂಡು, ದೊರೆಗೆ ಬಿನ್ನಹ ಕೊಡಲು ಅರಮನೆಯತ್ತ ಹೊರಟರು. ಅವರಿಗೆ ಸಿಕ್ಕಿದ್ದು ಗುಂಡು. 1912ರಲ್ಲಿ ಲೇನಾ ನದಿಯ ಚಿನ್ನದ ಗಣಿಗಳಲ್ಲಿ ಮುಷ್ಕರ ಹೂಡಿದವರಿಗೂ ಅದೇ ಗುಂಡು. ಆದ್ದರಿಂದ, ಕ್ರಾಂತಿ ಬಂದು ರಷ್ಯನರ ಸ್ವಾತಂತ್ರ್ಯವನ್ನು ಕಸಿದುಕೊಂಡಿತು ಎಂದು ಹೇಳುವವರು ಕಸಿಯಲು ಅಲ್ಲಿ ಏನಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ.

1917ರ ಮಾರ್ಚ್ 8ರಂದು ಪೆಟ್ರೊಗ್ರಾಡ್ ನಗರದಲ್ಲಿ ಬೀದಿಗಿಳಿದವರು ಯಾರು? ಬಟ್ಟೆ ಗಿರಣಿಗಳ ಹೆಂಗಸರು. ಅಂದು ಮಹಿಳಾ ದಿನ. ಅವರು ಕೇಳಿದ್ದು ರೊಟ್ಟಿ. ಅದರ ಹಿಂದಿನ ದಿನವೇ ಪುಟಿಲೊವ್ ಎಂಬ ಭಾರೀ ಕಾರಖಾನೆಯ ಆಡಳಿತದವರು ಲಾಕೌಟ್ ಸಾರಿ ಸಾವಿರಾರು ಜನರನ್ನು ಹೊರಗೆ ನಿಲ್ಲಿಸಿದ್ದರು. ಗಿರಣಿಯ ಹೆಂಗಸರು ಪಕ್ಕದ ಲೋಹದ ಕಾರಖಾನೆಗಳ ಕಿಟಕಿಗಳಡಿ ನಿಂತು ಗಂಡಸರನ್ನು ಹೊರಗೆ ಕರೆದರು. ಮೂರನೆಯ ದಿನಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ಜನ ಕೆಲಸ ನಿಲ್ಲಿಸಿದ್ದರು. ಐದನೆಯ ದಿನ ಸಿಪಾಯಿಗಳು ಜನರ ಕಡೆ ಸೇರಿದರು. ಮಾರ್ಚ್ 15ಕ್ಕೆ ತ್ಸಾರ್ ನಿಕೋಲಸ್ ಪಟ್ಟ ಬಿಟ್ಟಿಳಿದ. ಮುನ್ನೂರು ವರ್ಷಗಳ ಅರಸುಮನೆತನ ಒಂದು ವಾರದಲ್ಲಿ ಮಣ್ಣುಗೂಡಿತು.

ಮುಂದಿನ ಕೆಲವು ತಿಂಗಳಲ್ಲಿ ಬಂದದ್ದನ್ನು ಲೆಕ್ಕ ಹಾಕಿರಿ. ರಾಜಕೀಯ ಕೈದಿಗಳ ಬಿಡುಗಡೆ. ಪತ್ರಿಕೆಗಳ ಮೇಲಿನ ಕಟ್ಟು ಸಡಿಲಿಕೆ. ಸಂಘ ಕಟ್ಟುವ, ಸಭೆ ಸೇರುವ ಹಕ್ಕು. ಹೆಂಗಸರಿಗೆ ಮತದಾನದ ಹಕ್ಕು. ಪೆಟ್ರೊಗ್ರಾಡಿನ ಕಾರಖಾನೆಗಳಲ್ಲಿ ಎಂಟು ಗಂಟೆಯ ದಿನ. ಪ್ರತಿ ಕಾರಖಾನೆಯಲ್ಲೂ ಕೆಲಸಗಾರರೇ ಆರಿಸಿದ ಸಮಿತಿ. ಊರೂರಿಗೆ ಕಾರ್ಮಿಕರ, ಸಿಪಾಯಿಗಳ, ರೈತರ ಸೋವಿಯತ್ತು, ಅಂದರೆ ಪಂಚಾಯತಿ. ಆರಿಸಿದ ಪ್ರತಿನಿಧಿ ತಪ್ಪಿ ನಡೆದರೆ ಅವನನ್ನು ಹಿಂದಕ್ಕೆ ಕರೆಸುವ ಅಧಿಕಾರವೂ ಜನರಿಗಿತ್ತು. ಹಾಗಾದರೆ ಕ್ರಾಂತಿಯಿಂದ ಸ್ವಾತಂತ್ರ್ಯ ಹೆಚ್ಚಿತೇ? ಹೆಚ್ಚಿತು. ರಷ್ಯದ ಜನ ಹಿಂದೆಂದೂ ಕಾಣದಷ್ಟು ಹೆಚ್ಚಿತು. ಇದು ಮಾಲೀಕರ ಉತ್ತರಕ್ಕೆ ಮೊದಲ ಜವಾಬು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ತ್ಸಾರನ ನಂತರ ಬಂದ ತಾತ್ಕಾಲಿಕ ಸರಕಾರ ಯುದ್ಧ ನಿಲ್ಲಿಸಲಿಲ್ಲ, ರೈತನಿಗೆ ಭೂಮಿ ಕೊಡಲಿಲ್ಲ. ಜನ ಬೇಸತ್ತರು. ಶಾಂತಿ, ಭೂಮಿ, ರೊಟ್ಟಿ ಎಂದು ಕೂಗಿದ ಬೊಲ್ಷೆವಿಕ್ ಪಕ್ಷ ನವಂಬರ್ 7ರಂದು ಅಧಿಕಾರ ಹಿಡಿಯಿತು. ಶಾಂತಿಯ ಆಜ್ಞೆ, ಭೂಮಿಯ ಆಜ್ಞೆ ಮೊದಲ ದಿನಗಳಲ್ಲೇ ಹೊರಟವು. ಅಲ್ಲಿಯವರೆಗೆ ಸರಿ. ಅದರ ಬೆನ್ನಿಗೇ ಒಂದೊಂದು ಬಾಗಿಲಿಗೂ ಬೀಗ ಬೀಳತೊಡಗಿತು.

ಮೊದಲ ಬೀಗ ಪತ್ರಿಕೆಗಳಿಗೆ. ಅಧಿಕಾರಕ್ಕೆ ಬಂದ ಎರಡೇ ದಿನಕ್ಕೆ ವಿರೋಧಿ ಪತ್ರಿಕೆಗಳನ್ನು ಮುಚ್ಚಿಸುವ ಆಜ್ಞೆ ಹೊರಟಿತು. ಇದು ತಾತ್ಕಾಲಿಕವೆಂದು ಆ ಆಜ್ಞೆಯಲ್ಲೇ ಬರೆದಿತ್ತು. ಮುಂದಿನ ಜುಲೈಗೆ, "ತಾಯಿ" ಕಾದಂಬರಿಯ ಮೂಲಕ ನಮ್ಮ ಓದುಗರಿಗೂ ಪರಿಚಿತನಾದ ಮ್ಯಾಕ್ಸಿಂ ಗೋರ್ಕಿಯ ಪತ್ರಿಕೆಗೂ ಬೀಗ ಬಿತ್ತು. ಎರಡನೆಯದು, ಡಿಸೆಂಬರಿನಲ್ಲಿ ಹುಟ್ಟಿದ ಚೇಕಾ ಎಂಬ ಗುಪ್ತ ಪೋಲೀಸು. ಮೂರನೆಯದು ಮತಪೆಟ್ಟಿಗೆಗೆ. ಸಂವಿಧಾನ ಸಭೆಗೆ ಚುನಾವಣೆ ನಡೆದು ನಾಲ್ಕು ಕೋಟಿಗೂ ಮಿಕ್ಕಿ ಜನ ಮತ ಹಾಕಿದ್ದರು. ಬೊಲ್ಷೆವಿಕರಿಗೆ ಪೆಟ್ರೊಗ್ರಾಡ್, ಮಾಸ್ಕೋ ನಗರಗಳಲ್ಲಿ ಬಲ ಸಿಕ್ಕಿತು. ಆದರೆ ಇಡೀ ದೇಶದಲ್ಲಿ ಸಿಕ್ಕಿದ್ದು ಸುಮಾರು ನಾಲ್ಕರಲ್ಲಿ ಒಂದು ಪಾಲು. ರೈತರ ಮತ ಬಹುಮಟ್ಟಿಗೆ ಸೋಷಲಿಸ್ಟ್ ರೆವಲೂಷನರಿ ಪಕ್ಷಕ್ಕೆ ಹೋಗಿತ್ತು. 1918ರ ಜನವರಿ 18ರಂದು ಆ ಸಭೆ ಒಂದು ದಿನ ಕೂಡಿತು. ಮರುದಿನ ಬಾಗಿಲು ತೆರೆಯಲಿಲ್ಲ. ಸಭೆಯನ್ನು ಬೆಂಬಲಿಸಿ ಮೆರವಣಿಗೆ ಹೊರಟವರ ಮೇಲೆ ಗುಂಡು ಹಾರಿತು; ಸತ್ತವರಲ್ಲಿ ಕಾರಖಾನೆಯ ಕೆಲಸಗಾರರೂ ಇದ್ದರು. ನಾಲ್ಕನೆಯ ಬೀಗ ಕಾರಖಾನೆಯೊಳಗೆ ಬಿತ್ತು. ಕೆಲಸಗಾರರ ಸಮಿತಿಗಳನ್ನು ಮೊದಲು ದೊಡ್ಡ ಸಂಘಗಳ ಕೈಕೆಳಗೆ, ಸಂಘಗಳನ್ನು ಸರಕಾರದ ಕೈಕೆಳಗೆ ತರಲಾಯಿತು. 1920ರ ಕೊನೆಗೆ ಬಹುತೇಕ ಕಾರಖಾನೆಗಳು ಮೇಲಿನಿಂದ ನೇಮಕವಾದ ಒಬ್ಬ ವ್ಯವಸ್ಥಾಪಕನ ಅಧೀನವಾಗಿದ್ದವು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅದನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. "ಸುತ್ತ ಶತ್ರುಗಳಿದ್ದರು. ತ್ಸಾರನ ಸೇನಾಪತಿಗಳು ದಂಡೆತ್ತಿ ಬಂದರು. ಬ್ರಿಟನ್, ಫ್ರಾನ್ಸ್, ಜಪಾನ್, ಅಮೆರಿಕ ಸೈನ್ಯ ಇಳಿಸಿದವು. ಮನೆಗೆ ಬೆಂಕಿ ಬಿದ್ದಾಗ ಸಭೆ ಕರೆದು ಮತ ಎಣಿಸುತ್ತ ಕೂರಲಾದೀತೇ?" ಈ ಮಾತಿನಲ್ಲಿ ಸತ್ಯವಿದೆ. ಶ್ರೀಮಂತರ ದೇಶಗಳು ಆ ಕ್ರಾಂತಿಯ ಕೊರಳು ಹಿಸುಕಲು ಯತ್ನಿಸಿದ್ದು ಸುಳ್ಳಲ್ಲ. ಆದರೆ ಬೆಂಕಿ ಆರಿದ ಮೇಲೆ ಏನಾಯಿತು ಎಂದು ನೋಡಬೇಕು. ತುರ್ತಿನ ಕಟ್ಟುಪಾಡು ನಿಜವಾಗಿ ತುರ್ತಿಗಾಗಿಯೇ ಬಂದಿತ್ತೇ ಎಂಬುದಕ್ಕೆ ತುರ್ತು ಮುಗಿದ ದಿನವೇ ಪರೀಕ್ಷೆ.

1920ರ ನವಂಬರಿನಲ್ಲಿ ಕೊನೆಯ ದೊಡ್ಡ ಶತ್ರು ಸೈನ್ಯವಾದ ರಾಂಗೆಲ್ಲನ ದಂಡು ಕ್ರೈಮಿಯದಿಂದ ಹಡಗು ಹತ್ತಿ ಓಡಿತು. ಜನ ನಿಟ್ಟುಸಿರು ಬಿಟ್ಟರು. ಇನ್ನಾದರೂ ಬೀಗಗಳು ತೆರೆದಾವು ಎಂದುಕೊಂಡರು. 1921ರ ಜನವರಿಯಲ್ಲಿ ನಗರಗಳ ರೊಟ್ಟಿಯ ಪಡಿಯನ್ನು ಮೂರರಲ್ಲಿ ಒಂದು ಪಾಲು ಕಡಿತ ಮಾಡಲಾಯಿತು. ಫೆಬ್ರವರಿಯಲ್ಲಿ ಪೆಟ್ರೊಗ್ರಾಡಿನ ಕಾರಖಾನೆಗಳಲ್ಲಿ ಮುಷ್ಕರ ಎದ್ದಿತು. ನಗರಕ್ಕೆ ಸೈನಿಕ ಕಾನೂನು ಬಂತು. ಸಮೀಪದ ಕ್ರಾನ್‌ಸ್ಟಾಟ್ ದ್ವೀಪದ ನಾವಿಕರು, ಕ್ರಾಂತಿಗಾಗಿ ಮೊದಲ ಸಾಲಿನಲ್ಲಿ ಹೋರಾಡಿದವರೆಂದು ಹೆಸರಾದವರು, ನಿಜಸ್ಥಿತಿ ತಿಳಿಯಲು ತಮ್ಮವರನ್ನು ಕಳಿಸಿದರು. ಅವರು ಹಿಂದಿರುಗಿ ಕಂಡದ್ದನ್ನು ಹೇಳಿದ ಮೇಲೆ, ಫೆಬ್ರವರಿ 28ರಂದು ಹದಿನೈದು ಬೇಡಿಕೆಗಳ ಠರಾವು ಪಾಸಾಯಿತು.

ಆ ಬೇಡಿಕೆಗಳೇನು? ತ್ಸಾರನನ್ನು ಹಿಂದಕ್ಕೆ ತನ್ನಿರೆಂದೇ? ಕಾರಖಾನೆಗಳನ್ನು ಮಾಲೀಕರಿಗೆ ಕೊಡಿರೆಂದೇ? ಎರಡೂ ಅಲ್ಲ. ಸೋವಿಯತ್ತುಗಳಿಗೆ ಗುಪ್ತ ಮತದಾನದಿಂದ ಹೊಸ ಚುನಾವಣೆ ನಡೆಸಿರಿ. ಕಾರ್ಮಿಕರಿಗೂ ರೈತರಿಗೂ ಎಡಪಂಥದ ಪಕ್ಷಗಳಿಗೂ ಮಾತಿನ, ಮುದ್ರಣದ ಸ್ವಾತಂತ್ರ್ಯ ಕೊಡಿರಿ. ಕಾರ್ಮಿಕ ಸಂಘಗಳಿಗೆ ಸಭೆ ಸೇರುವ ಹಕ್ಕು ಕೊಡಿರಿ. ಸೆರೆಯಲ್ಲಿರುವ ಸಮಾಜವಾದಿಗಳನ್ನು ಬಿಡಿರಿ. ಎಲ್ಲ ದುಡಿಯುವವರಿಗೂ ಸಮನಾದ ಪಡಿ ಕೊಡಿರಿ. ಇಷ್ಟೇ. ಇವು ಕ್ರಾಂತಿಯೇ ಕೊಟ್ಟ ಮಾತುಗಳು. ಕೊಟ್ಟ ಮಾತು ಉಳಿಸಿಕೊಳ್ಳಿರಿ ಎಂದದ್ದಕ್ಕೆ ಫಿರಂಗಿ ಉತ್ತರ ಕೊಟ್ಟಿತು. ಮಾರ್ಚ್ 7ರಂದು ಆರಂಭವಾದ ದಾಳಿ, ಹೆಪ್ಪುಗಟ್ಟಿದ ಕಡಲಿನ ಮೇಲೆ ಸೈನ್ಯ ನುಗ್ಗಿ, ಮಾರ್ಚ್ 18ಕ್ಕೆ ಮುಗಿಯಿತು. ಐವತ್ತು ವರ್ಷಗಳ ಹಿಂದೆ, 1871ರಲ್ಲಿ, ಪ್ಯಾರಿಸ್ ನಗರದ ದುಡಿಯುವ ಜನ ತಮ್ಮ ಕಮ್ಯೂನ್ ಸ್ಥಾಪಿಸಲು ಎದ್ದದ್ದೂ ಮಾರ್ಚ್ 18ರಂದೇ.

ಅದೇ ತಿಂಗಳು ಪಕ್ಷದ ಹತ್ತನೆಯ ಅಧಿವೇಶನ ನಡೆಯಿತು. ಕಾರಖಾನೆಗಳ ಆಡಳಿತ ಕಾರ್ಮಿಕ ಸಂಘಗಳ ಕೈಗೆ ಬರಬೇಕೆಂದು ಶ್ಲಿಯಾಪ್ನಿಕೊವ್ ಮುಂತಾದವರು ವಾದಿಸುತ್ತಿದ್ದರು. ಈತ ಸ್ವತಃ ಲೋಹದ ಕೆಲಸಗಾರ. ಕ್ರಾಂತಿ ಸರಕಾರದ ಮೊದಲ ಕಾರ್ಮಿಕ ಮಂತ್ರಿ. ಅಧಿವೇಶನ ಆ ವಾದವನ್ನು ತಳ್ಳಿಹಾಕಿತು. ಅಷ್ಟೇ ಅಲ್ಲ, ಪಕ್ಷದೊಳಗೆ ಗುಂಪು ಕಟ್ಟುವುದನ್ನೇ ನಿಷೇಧಿಸಿತು. ಗಮನಿಸಿರಿ: ಯುದ್ಧ ಗೆದ್ದ ಮೇಲೆ ಬಿದ್ದ ಬೀಗವಿದು. ಮೊದಲು ಬೇರೆ ಪಕ್ಷಗಳ ಬಾಯಿ ಕಟ್ಟಿದ್ದಾಗಿತ್ತು. ಈಗ ಸ್ವಂತ ಪಕ್ಷದವರ ಬಾಯಿಯ ಸರದಿ. 1937ರಲ್ಲಿ ಶ್ಲಿಯಾಪ್ನಿಕೊವ್‌ನನ್ನು ಅವನ ಪಕ್ಷದ ಸರಕಾರವೇ ಗುಂಡಿಕ್ಕಿ ಕೊಂದಿತು.

ಸಣ್ಣ ವ್ಯಾಪಾರಿ ಮಿತ್ರರು ಇನ್ನೊಂದು ಸಂಗತಿ ಕೇಳಬೇಕು. ಅಂತರ್ಯುದ್ಧದ ಕಾಲದಲ್ಲಿ ಧಾನ್ಯದ ಚೀಲ ಹೊತ್ತು ಊರಿಂದೂರಿಗೆ ಹೋಗುವವನನ್ನು ದಾರಿಯಲ್ಲಿ ತಡೆದು ಕಸಿಯುತ್ತಿದ್ದರು. 1921ರ ಮಾರ್ಚಿನಲ್ಲಿ ಸರಕಾರ ನೀತಿ ಬದಲಿಸಿತು. ರೈತ ತನ್ನ ಮಿಗುತೆಯನ್ನು ಮಾರಬಹುದು, ಅಂಗಡಿಕಾರ ಅಂಗಡಿ ತೆರೆಯಬಹುದು ಎಂದಾಯಿತು. ಪೇಟೆಗಳು ಮತ್ತೆ ತುಂಬಿದವು, ಹೊಟ್ಟೆಗೆ ಅನ್ನ ಸಿಕ್ಕಿತು. ಆದರೆ ಇದು ಜನರ ಹಕ್ಕಾಗಿ ಬರಲಿಲ್ಲ, ಮೇಲಿನವರ ಕೃಪೆಯಾಗಿ ಬಂತು. ಕೃಪೆ ಕೊಟ್ಟವನಿಗೆ ಅದನ್ನು ಹಿಂತೆಗೆದುಕೊಳ್ಳುವುದೂ ಗೊತ್ತು. 1931ರ ಹೊತ್ತಿಗೆ ಖಾಸಗಿ ಅಂಗಡಿಗಳನ್ನೆಲ್ಲ ಮುಚ್ಚಿಸಿ ಆಗಿತ್ತು. ಅಂಗಡಿಕಾರ ದೂರು ಕೊಡಲು ಸ್ವತಂತ್ರ ಪತ್ರಿಕೆಯಿರಲಿಲ್ಲ, ಸಂಘವಿರಲಿಲ್ಲ, ಬೇರೆ ಪಕ್ಷವಿರಲಿಲ್ಲ. ಬಾಯಿಯ ಸ್ವಾತಂತ್ರ್ಯವಿಲ್ಲದವನ ಹೊಟ್ಟೆಗೂ ಭರವಸೆಯಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಗಿರಣಿಯ ಕೆಲಸಗಾರನ ಗತಿ? 1940ರ ಜೂನ್ 26ರಂದು ಒಂದು ಆಜ್ಞೆ ಹೊರಟಿತು. ಅಪ್ಪಣೆಯಿಲ್ಲದೆ ಕೆಲಸ ಬಿಟ್ಟುಹೋದವನಿಗೆ ಎರಡರಿಂದ ನಾಲ್ಕು ತಿಂಗಳು ಸೆರೆ. ಸಕಾರಣವಿಲ್ಲದೆ ಗೈರುಹಾಜರಾದವನಿಗೆ ಆರು ತಿಂಗಳವರೆಗೆ ಶಿಕ್ಷೆಯ ದುಡಿಮೆ, ಸಂಬಳದಲ್ಲಿ ನೂರಕ್ಕೆ 25ರವರೆಗೆ ಕಡಿತ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತಡವಾದರೆ ಅದೂ ಗೈರುಹಾಜರಿಯೇ. ಕೆಲಸಕ್ಕೆ ತಡವಾಗಿ ಬಂದವನು ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಬೇಕು! ಯುದ್ಧ ಮುಗಿದು ಹತ್ತು ವರ್ಷವಾದ ಮೇಲೆ, 1956ರಲ್ಲಿ, ಈ ಕಟ್ಟಳೆ ರದ್ದಾಯಿತು. ನಮ್ಮ ಗಿರಣಿಯ ಆಡಳಿತದವರು ಇಂಥದೊಂದು ನಿಯಮ ತಂದರೆ ಅಂದೇ ಕೆಲಸ ನಿಲ್ಲುತ್ತಿತ್ತು. ಅಲ್ಲಿ ನಿಲ್ಲಲಿಲ್ಲ. ಏಕೆಂದರೆ ಮಾಲೀಕನೂ ಸರಕಾರವೇ, ಪೋಲೀಸೂ ಸರಕಾರವೇ, ಸಂಘದ ಕಾರ್ಯದರ್ಶಿಯೂ ಸರಕಾರದವನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಇಷ್ಟು ಹೇಳಿದ ಮೇಲೆ ಆ ಕ್ರಾಂತಿಯ ಗಳಿಕೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಒಂಬತ್ತರಿಂದ ನಲವತ್ತೊಂಬತ್ತು ವಯಸ್ಸಿನವರಲ್ಲಿ ಓದು ಬರಹ ಬಲ್ಲವರು 1897ರಲ್ಲಿ ನೂರಕ್ಕೆ ಸುಮಾರು 28 ಇದ್ದರು. 1939ಕ್ಕೆ ಸುಮಾರು 87 ಆದರು. ಜಮೀನ್ದಾರ ಹೋದ. ಕೂಲಿಯವನ ಮಗ ಎಂಜಿನಿಯರ್ ಆದ. ಇದು ಸಣ್ಣ ಸಂಗತಿಯಲ್ಲ. ಆದರೆ ಅಕ್ಷರ ಕಲಿತವನಿಗೆ ತನಗೆ ಬೇಕಾದ್ದನ್ನು ಓದುವ, ಬರೆಯುವ ಹಕ್ಕಿರಲಿಲ್ಲ. ಒಂದು ಕೈಯಿಂದ ಕೊಟ್ಟದ್ದರ ಅರ್ಧವನ್ನು ಇನ್ನೊಂದು ಕೈ ಕಿತ್ತುಕೊಂಡಿತು.

ಹಾಗಾದರೆ ಎಲ್ಲ ಕ್ರಾಂತಿಗಳ ಹಣೆಬರಹವೂ ಇದೇ ಏನು? ಅಲ್ಲ. ಅದಕ್ಕೆ ಸಾಕ್ಷಿ ಪೋರ್ಚುಗಲ್. ಈ ದೇಶದ ಹೆಸರು ನಮಗೆ ಹೊಸದಲ್ಲ. ಬೆಳಗಾವಿ, ಕಾರವಾರದ ಗಡಿಯಾಚೆ ಗೋವೆಯಲ್ಲಿ 1961ರ ಡಿಸೆಂಬರಿನವರೆಗೂ ಕೂತಿದ್ದ ಸರಕಾರ ಅದು. 1946ರ ಜೂನ್ 18ರಂದು ಮಡಗಾವಿನಲ್ಲಿ ರಾಮಮನೋಹರ ಲೋಹಿಯಾ ಸಭೆ ನಡೆಸಿದ್ದು, 1955ರಲ್ಲಿ ಸತ್ಯಾಗ್ರಹಿಗಳು ಗುಂಡಿಗೆ ಎದೆಯೊಡ್ಡಿದ್ದು ಆ ಸರಕಾರದ ವಿರುದ್ಧ. ಆದರೆ ಆ ಸರಕಾರ ತನ್ನ ಸ್ವಂತ ಜನರನ್ನೂ ಅದೇ ಬೂಟಿನಡಿ ತುಳಿದಿತ್ತು. 1926ರ ಸೈನಿಕ ದಂಗೆಯಿಂದ ಮೊದಲಾಗಿ ಅಲ್ಲಿ ಸರ್ವಾಧಿಕಾರ. ಸಾಲಜಾರ್ 1932ರಿಂದ 1968ರವರೆಗೆ ಆಳಿದ. ಮುಷ್ಕರ ಅಪರಾಧ, ಪತ್ರಿಕೆಗೆ ಕತ್ತರಿ, ಗುಪ್ತ ಪೋಲೀಸರ ಕಾಟ. ಆಫ್ರಿಕದ ಮೂರು ವಸಾಹತುಗಳಲ್ಲಿ ಮುಗಿಯದ ಯುದ್ಧ.

1974ರ ಏಪ್ರಿಲ್ 25ರಂದು ಆ ಯುದ್ಧದಿಂದ ಬೇಸತ್ತ ಕೆಳದರ್ಜೆಯ ಸೈನ್ಯಾಧಿಕಾರಿಗಳು ಲಿಸ್ಬನ್ ನಗರವನ್ನು ಹಿಡಿದರು. ಮನೆಯಲ್ಲೇ ಇರಿ ಎಂದು ರೇಡಿಯೋ ಸಾರಿದರೂ ಜನ ಬೀದಿ ತುಂಬಿ, ಸಿಪಾಯಿಗಳ ಬಂದೂಕಿನ ಬಾಯಿಗೆ ಕೆಂಪು ಹೂ ಸಿಕ್ಕಿಸಿದರು. ಅಂದಿನಿಂದ ಅದು ಬರಿಯ ಸೈನಿಕರ ಕೆಲಸವಾಗಿ ಉಳಿಯಲಿಲ್ಲ. ಕೈದಿಗಳು ಹೊರಬಂದರು. ಕಾರಖಾನೆಗಳಲ್ಲಿ ಕೆಲಸಗಾರರ ಸಮಿತಿಗಳು ಎದ್ದವು. ಕನಿಷ್ಠ ವೇತನ ಬಂತು. ಆ ವರ್ಷದ ಡಿಸೆಂಬರ್ 31ರಂದು ಗೋವೆಯ ಮೇಲೆ ಭಾರತದ ಸಾರ್ವಭೌಮತ್ವವನ್ನು ಒಪ್ಪಿ ಹೊಸ ಸರಕಾರ ಸಹಿ ಹಾಕಿತು.

ಅಲ್ಲಿಯೂ ಅಪಾಯಗಳಿದ್ದವು. ಒಂದೇ ಕೇಂದ್ರ ಕಾರ್ಮಿಕ ಸಂಘವಿರಬೇಕೆಂದು ಕಾನೂನು ಮಾಡುವ ಯತ್ನ ನಡೆಯಿತು. 1975ರ ಮಾರ್ಚಿನಲ್ಲಿ ಬಲಪಂಥದವರ ದಂಗೆ ಸೋತಿತು. ನವಂಬರಿನಲ್ಲಿ ಎಡಪಂಥದ ಸೈನಿಕರ ಏಳುವಿಕೆಯೂ ಸೋತಿತು. ಆದರೆ ಒಂದು ಮಾತನ್ನು ಅವರು ಮುರಿಯಲಿಲ್ಲ. ಒಂದು ವರ್ಷದೊಳಗೆ ಚುನಾವಣೆ ಎಂದಿದ್ದರು. ಸರಿಯಾಗಿ 1975ರ ಏಪ್ರಿಲ್ 25ರಂದು ನಡೆಸಿದರು. ನೂರಕ್ಕೆ 91ಕ್ಕೂ ಹೆಚ್ಚು ಜನ ಮತ ಹಾಕಿದರು. ಎಣಿಸಿದ ಮತವನ್ನು ಯಾರೂ ಕಸದ ಬುಟ್ಟಿಗೆ ಹಾಕಲಿಲ್ಲ. 1976ರ ಸಂವಿಧಾನ ಮುಷ್ಕರದ ಹಕ್ಕನ್ನು ಕೊಟ್ಟಿತು. ಮಾಲೀಕರ ಲಾಕೌಟನ್ನು ನಿಷೇಧಿಸಿತು. ಪುಟಿಲೊವ್ ಕಾರಖಾನೆಯ ಗೇಟಿನ ಹೊರಗೆ ನಿಂತವರು ಏನನ್ನು ಬಯಸಿದ್ದರೋ ಅದು ಪೋರ್ಚುಗಲ್ಲಿನಲ್ಲಿ ಕಾನೂನಾಗಿ ಬರೆಯಲ್ಪಟ್ಟಿತು.

ಪೋರ್ಚುಗಲ್ ಸ್ವರ್ಗವಾಯಿತೆಂದು ನಾವು ಹೇಳುವುದಿಲ್ಲ. ಕೂಲಿಕಾರರು ಹಿಡಿದಿದ್ದ ಭೂಮಿಯಲ್ಲಿ ಬಹಳಷ್ಟು 1977ರ ನಂತರ ಹಳೆಯ ಒಡೆಯರಿಗೆ ಮರಳಿತು. 1980ರ ದಶಕದಲ್ಲಿ ತಿಂಗಳುಗಟ್ಟಲೆ ಸಂಬಳ ಕಾಣದ ಕೆಲಸಗಾರರಿದ್ದರು. ಸ್ವಾತಂತ್ರ್ಯ ತಾನಾಗಿ ರೊಟ್ಟಿ ಬೇಯಿಸುವುದಿಲ್ಲ. ಆದರೆ ಸಂಬಳ ಬಾರದಿದ್ದಾಗ ಬೀದಿಗಿಳಿದು ಕೇಳಲು, ಮುಂದಿನ ಚುನಾವಣೆಯಲ್ಲಿ ಸರಕಾರವನ್ನು ಇಳಿಸಲು ಅವರಿಗೆ ದಾರಿಯಿತ್ತು.

ಇನ್ನು ಇರಾನಿನ ಸಂಗತಿ. 1978ರಲ್ಲಿ ಷಹನ ಸರಕಾರದ ಬೆನ್ನೆಲುಬು ಮುರಿದದ್ದು ಎಣ್ಣೆ ಕೆಲಸಗಾರರ ಮುಷ್ಕರ. ಷಹ ಓಡಿದ. 1979ರ ಮಾರ್ಚ್ 8ರಂದು ತೆಹರಾನಿನ ಹೆಂಗಸರು, ತಲೆಗೆ ಮುಸುಕು ಕಡ್ಡಾಯ ಮಾಡುವುದರ ವಿರುದ್ಧ ಮೆರವಣಿಗೆ ಹೊರಟರು. ಕ್ರಾಂತಿ ಗೆದ್ದು ಆಗ ತಿಂಗಳೂ ತುಂಬಿರಲಿಲ್ಲ! ಆ ತಿಂಗಳ ಕೊನೆಗೆ ಜನರ ಮುಂದೆ ಒಂದೇ ಪ್ರಶ್ನೆ ಇಟ್ಟರು: ಇಸ್ಲಾಮೀ ಗಣರಾಜ್ಯ ಬೇಕೋ ಬೇಡವೋ? ಬೇರೆ ಯಾವ ಆಯ್ಕೆಯೂ ಇರಲಿಲ್ಲ. ಕೆಲಸಗಾರರು ಕಟ್ಟಿದ ಸಮಿತಿಗಳು ಕ್ರಮೇಣ ಅಡಗಿದವು. ಸಿದ್ಧಾಂತ ರಷ್ಯದ್ದಕ್ಕೆ ಪೂರಾ ವಿರುದ್ಧ. ಬೀಗಗಳು ಮಾತ್ರ ಅವೇ. ಆದ್ದರಿಂದ ದೋಷ ಸಮಾಜವಾದದ್ದು ಮಾತ್ರ ಎನ್ನುವವರ ಮಾತೂ ನಿಲ್ಲುವುದಿಲ್ಲ.

ಮಿತ್ರರೇ, ಈ ಮೂರು ದೇಶಗಳಿಂದ ನಾವು ಕಲಿಯುವುದು ಇಷ್ಟು. ಕ್ರಾಂತಿ ಬಾಗಿಲನ್ನು ತೆರೆಯುತ್ತದೆ, ಸಂದೇಹವಿಲ್ಲ. ಅದು ತೆರೆದೇ ಇರುವುದೋ ಮುಚ್ಚುವುದೋ ಎಂಬುದನ್ನು ನಾಯಕರ ಒಳ್ಳೆಯತನ ತೀರ್ಮಾನಿಸುವುದಿಲ್ಲ. ರಷ್ಯದ ನಾಯಕರಲ್ಲಿ ಅನೇಕರು ಜನರಿಗಾಗಿ ಸೆರೆ, ಗಡೀಪಾರು ಅನುಭವಿಸಿದವರೇ. ಎಲ್ಲ ಕೀಲಿಕೈಗಳೂ ಒಬ್ಬನ ಸೊಂಟಕ್ಕೆ ಸೇರಿದುವೇ ಅಥವಾ ಹಲವರ ಕೈಯಲ್ಲಿ ಉಳಿದುವೇ ಎಂಬುದೇ ಮುಖ್ಯ. ಯಾವ ಹೊಸ ಸರಕಾರ ಬಂದರೂ, ಅದರ ಬಾವುಟದ ಬಣ್ಣ ಯಾವುದೇ ಇದ್ದರೂ, ಮರುದಿನ ಮೂರು ಪ್ರಶ್ನೆ ಕೇಳಬೇಕು. ನಮ್ಮ ಸಂಘ ಈ ಸರಕಾರದ ವಿರುದ್ಧ ಮುಷ್ಕರ ಹೂಡಬಹುದೇ? ಇದನ್ನು ಬೈಯುವ ಪತ್ರಿಕೆ ನಾಳೆಯೂ ಅಚ್ಚಾಗುವುದೇ? ಇವರು ಸೋತರೆ ಕುರ್ಚಿ ಬಿಟ್ಟು ಇಳಿಯುವರೇ? ಮೂರಕ್ಕೂ ಹೌದು ಎಂದರೆ ಸ್ವಾತಂತ್ರ್ಯ ಹೆಚ್ಚಿತು. ಒಂದಕ್ಕೆ ಇಲ್ಲ ಎಂದರೂ, "ಇದು ತಾತ್ಕಾಲಿಕ" ಎಂಬ ಮಾತನ್ನು ನಂಬಿ ಮನೆಗೆ ಹೋಗಬಾರದು.

ಮತ್ತೊಂದು ಮಾತು ಹೇಳಿ ಮುಗಿಸುತ್ತೇವೆ. ಈ ಪ್ರಶ್ನೆ ಕೇಳುವ ಅಭ್ಯಾಸ ಕ್ರಾಂತಿಯ ದಿನ ಆಕಾಶದಿಂದ ಉದುರುವುದಿಲ್ಲ. ಅದು ಇಂದು, ಇಲ್ಲಿ, ನಮ್ಮ ಸಂಘದಲ್ಲಿ ಬೆಳೆಯಬೇಕು. ಸಂಘದ ಚುನಾವಣೆ ಕಾಲಕ್ಕೆ ಸರಿಯಾಗಿ ನಡೆಯುತ್ತದೆಯೇ? ವಂತಿಗೆಯ ಲೆಕ್ಕವನ್ನು ಸಭೆಯಲ್ಲಿ ಓದುತ್ತಾರೆಯೇ? ಕಾರ್ಯದರ್ಶಿಯನ್ನು ಎದುರಿಸಿ ಮಾತಾಡಿದವನನ್ನು ಕೂಗಿ ಕೂರಿಸುತ್ತೇವೆಯೇ, ಅಥವಾ ಅವನ ಮಾತು ಮುಗಿಯುವವರೆಗೆ ಕೇಳುತ್ತೇವೆಯೇ? ವ್ಯಾಪಾರಿಗಳ ಸಂಘದಲ್ಲಿ ದೊಡ್ಡ ಅಂಗಡಿಯವನ ಮಾತಿಗಿರುವ ಬೆಲೆ ತಳ್ಳುಗಾಡಿಯವನ ಮಾತಿಗೂ ಇದೆಯೇ? ಐವತ್ತು ಜನರ ಸಭೆಯಲ್ಲಿ ವಿರೋಧದ ಮಾತನ್ನು ತಾಳಲಾರದವರು ನಾಳೆ ದೇಶ ಕೈಗೆ ಬಂದರೆ ತಾಳುತ್ತಾರೆಂದು ನಂಬುವುದು ಹೇಗೆ?

ಬರುವ ತಿಂಗಳು ನಮ್ಮ ಸಂಘದ ವಾರ್ಷಿಕ ಸಭೆ ಇದೆ. ಎಲ್ಲರೂ ಬನ್ನಿರಿ. ಲೆಕ್ಕ ಕೇಳಿರಿ. ಒಪ್ಪಿಗೆಯಿಲ್ಲದಿದ್ದರೆ ಎದ್ದು ನಿಂತು ಹೇಳಿರಿ.